ಚೀನೀ ತೋಟದಲ್ಲಿ ಹೆಣ್ಣು ನೋಡುವ ಶಾಸ್ತ್ರ

ನನ್ನನ್ನು ಹೆಣ್ಣು ನೋಡುವ ಶಾಸ್ತ್ರ ನಡೆದದ್ದು ಒಂದು ಚೀನೀ ತೋಟದಲ್ಲಿ. ನಗಬೇಡಿ. ಟಿಲ್‌ಬರ್ಗ್ ಎಂಬ ಡಚ್ ಊರಿನಲ್ಲಿ ನಾನಿದ್ದದ್ದು ಮೂವರು ಅಲ್ಲಿಯದೇ ಹುಡುಗರ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡ ಮನೆಯಲ್ಲಿ. ಅಲ್ಲಿ ಗಂಡಿನ ಕಡೆಯವರನ್ನು ಕೂರಿಸಿ ಉಪ್ಪಿಟ್ಟು ಕೊಟ್ಟರೆ ಸಂಬಂಧ ಅಲ್ಲಿಗೇ ಮುಗಿದಂತೆ. ಹುಡುಗ ಅದೇ ದೇಶದ ಇನ್ನೊಂದು ಊರು ಕಾಪೆಲ್ಲೆಯಲ್ಲಿ ಒಬ್ಬನೇ ಇದ್ದ. ನಾನು ಅಲ್ಲಿಗೆ ಹೋಗುವುದು ಮೈಸೂರಿನ ಎರಡೂ ಮನೆಯವರಿಗೆ ಸರಿಬರಲಿಲ್ಲ. ಕೊನೆಗೆ ಈ ಸಂಬಂಧ ತಂದ ನನ್ನ ದೊಡ್ಡಮ್ಮನ ಮಗಳು, ಅಲ್ಲೇ ಬೆಸ್ಟ್ ಎಂಬ ಊರಿನಲ್ಲಿರುವ ಅಕ್ಕ, ನಡುವಿನ ಊರೊಂದರಲ್ಲಿ ಈ ತೋಟ ಹುಡುಕಿದಳು. ಟಿಕೆಟ್ ಇದೆ, ಮರ್ಯಾದಸ್ಥರೇ ಬರುತ್ತಾರೆ ಅನ್ನುವುದು ಅವಳ ಲೆಕ್ಕ.

ಅದು ಆ ಊರಿನ ಹಳೆಯ ಕೋಟೆಯ ಒಂದು ಮೂಲೆ. ಫಿರಂಗಿ ನಿಲ್ಲಿಸುತ್ತಿದ್ದ ಕಡೆ ಈಗ ಬಿದಿರು ಬೆಳೆಸಿ, ಕಂದಕದ ನೀರನ್ನೇ ಕೊಳ ಮಾಡಿದ್ದಾರೆ. ಹೆಂಚು, ಕಂಬ, ಬಂಡೆಗಳೆಲ್ಲ ಹಡಗಿನಲ್ಲಿ ಚೀನಾದಿಂದ ಬಂದವಂತೆ. ಬಾತುಕೋಳಿ, ಚಳಿಗಾಳಿ ಮತ್ತು ಹುಲ್ಲು ತುಳಿಯಬೇಡಿ ಎನ್ನುವ ಬೋರ್ಡು ಮಾತ್ರ ಇಲ್ಲಿಯವು. ಚಹಾ ಮಂಟಪದಲ್ಲಿ ಚಹಾ ಕೇಳುವವರಿಲ್ಲ, ಆಪಲ್ ಕೇಕಿಗೆ ಸಾಲು. ಅಕ್ಕ ಆ ಸಾಲಿನಲ್ಲಿ ನಿಂತು, ಒಂದು ಸುತ್ತು ಹಾಕಿ ಬನ್ನಿ ಎಂದು ನಮ್ಮಿಬ್ಬರನ್ನು ಅಟ್ಟಿದಳು.

ಒಪ್ಪಿಕೊಳ್ಳಬೇಕೆಂದೇ ಹೋಗಿದ್ದೆ. ನನಗೆ ಮೂವತ್ತೆರಡು, ಇವನು ಆರನೆಯವನು. ಮಗಳದ್ದು ಯಾವಾಗ ಎಂಬ ಪ್ರಶ್ನೆಗೆ ಹೆದರಿ ಅಮ್ಮ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಅದು ಹಾಗಿರಲಿ, ನಿಜ ಹೇಳುತ್ತೇನೆ, ಅವನು ನನಗೆ ಇಷ್ಟವಾದ. ನನ್ನ ಸಂಶೋಧನೆ ಏನೆಂದು ಕೇಳಿ, ಪೂರ್ತಿ ಕೇಳಿಸಿಕೊಂಡು, ಏನೂ ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡ. ಅಂಥ ಗಂಡಸು ಅದುವರೆಗೆ ನನಗೆ ಸಿಕ್ಕಿರಲಿಲ್ಲ. ತೋಟದ ಗೋಡೆಯಲ್ಲಿದ್ದ ದುಂಡು ಬಾಗಿಲು ದಾಟುವ ಹೊತ್ತಿಗೆ ಕಾಪೆಲ್ಲೆಯಿಂದ ಟಿಲ್‌ಬರ್ಗ್‌ಗೆ ಬರಲು ಎಲ್ಲಿ ರೈಲು ಬದಲಿಸಬೇಕು ಎಂದು ಯೋಚಿಸುತ್ತಿದ್ದೆ.

ಕೊಳದ ಮೇಲೆ ಅಂಕುಡೊಂಕಾದ ಸೇತುವೆಯಿತ್ತು. ದೆವ್ವಗಳಿಗೆ ನೇರ ನಡೆಯಲು ಮಾತ್ರ ಬರುತ್ತದೆ, ತಿರುವಿನಲ್ಲಿ ನೀರಿಗೆ ಬೀಳುತ್ತವೆ ಎಂದು ಬೋರ್ಡಿನಲ್ಲಿ ಬರೆದಿದ್ದರು. ನಾವು ಅದನ್ನು ಓದುತ್ತಿದ್ದಾಗಲೇ ಅವನ ಅಮ್ಮನ ವಿಡಿಯೋ ಕಾಲ್ ಬಂತು. ನಮಸ್ಕಾರ ಮಾಡಿದೆ. ಅವರಿಗೆ ಗಿಡಮರ ಎಂದರೆ ಪ್ರಾಣವಂತೆ.

“ನೀವು ಸ್ವಲ್ಪ ಆ ಬ್ರಿಡ್ಜ್ ಮೇಲೆ ಹೋಗಿ ಬರ್ತೀರಾ? ಅಮ್ಮಂಗೆ ವ್ಯೂ ಚೆನ್ನಾಗಿ ಕಾಣತ್ತೆ” ಅಂದ.

ಹೋದೆ. ಪಿಎಚ್‌ಡಿ ಮಾಡಿದ ಬುದ್ಧಿ ನೋಡಿ, ಅವರ ವ್ಯೂಗೆ ಅಡ್ಡವಾಗಬಾರದೆಂದು ಒಂದು ಬದಿಗೆ ಸರಿದುಕೊಂಡೇ ನಡೆದೆ. ಮೂರನೇ ತಿರುವಿನಲ್ಲಿದ್ದಾಗ ಸ್ಪೀಕರಿನಿಂದ ಆ ತಾಯಿಯ ದನಿ ನೀರಿನ ಮೇಲೆ ಸ್ಪಷ್ಟವಾಗಿ ಬಂತು.

“ಇನ್ನೊಂದ್ಸಲ ನಡೆಸೋ. ಕಾಲು ಸರಿಯಾಗಿ ಕಾಣ್ಲಿಲ್ಲ.”

ಮೈಯೆಲ್ಲ ಉರಿದುಹೋಯಿತು. ವಾಪಸು ಬಂದು ನನ್ನ ಫೋನ್ ತೆಗೆದು ಹಿಡಿದೆ. ಈಗ ನೀವು ನಡೆಯಿರಿ, ನಮ್ಮಮ್ಮನಿಗೂ ವ್ಯೂ ಬೇಕು ಅಂದೆ. ಅವನು ನಕ್ಕ. ಅಮ್ಮ ಹಳೇ ಕಾಲದವರು, ಬೇಜಾರು ಮಾಡಿಕೊಳ್ಳಬೇಡಿ ಅಂದ. ನಮ್ಮಮ್ಮನೂ ಅದೇ ಕಾಲದವಳು ಅಂದೆ. ಫೋನ್ ಕೆಳಗಿಳಿಸಲಿಲ್ಲ. ಅವನು ನಡೆದುಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು, ಎಲ್ಲ ನುಂಗಿಕೊಂಡು ಒಪ್ಪಿಬಿಡುತ್ತಿದ್ದೆ. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ಜನ ನೋಡ್ತಾರೆ ರೀ.”

ನನಗೆ ತಲೆನೋವು ಎಂದು ಅಕ್ಕನಿಗೆ ಹೇಳಿ ಹೊರಗೆ ಬಂದೆ. ಬಸ್‌ಸ್ಟಾಪಿನಿಂದ ಅಮ್ಮನಿಗೆ ಫೋನ್ ಮಾಡಿ, ಬೈಸಿಕೊಳ್ಳಲು ತಯಾರಾಗಿಯೇ, ಬೇಡ ಎಂದೆ. ನಡೆದದ್ದೆಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ. ಆ ಕಡೆ ಕುಕ್ಕರ್ ಕೂಗಿತು, ಅವಳು ಒಲೆ ಆರಿಸಿ ಬಂದಳು.

“ನಿಮ್ಮಜ್ಜಿ ನನ್ನ ನೋಡಕ್ಕೆ ಬಂದಾಗ, ಹಿತ್ತಲಿಂದ ಒಂದು ದಾಸವಾಳ ಕಿತ್ಕೊಂಡು ಬಾಮ್ಮ ಅಂದ್ರು. ತಂದ್ಕೊಟ್ಟೆ. ಇನ್ನೊಂದು ತಾ ಅಂದ್ರು” ಅಂದಳು. “ಯಾಕೆ ಅಂತ ಗೊತ್ತಿತ್ತು ಕಣೆ ನಂಗೆ. ಆದ್ರೂ ಹೋದೆ.”