ಗೋಡೆಗೆ ಆನಿಸಿ ಕೂರಿಸಿದ ದ್ರಾಕ್ಷಾಯಿಣಿ

ನನ್ನ ಮೈದುನ ಉಳವಪ್ಪನ ಹೆಂಡತಿ ದ್ರಾಕ್ಷಾಯಿಣಿ ಉಪ್ಪಿನಬೆಟಗೇರಿಯಲ್ಲಿ ರೊಟ್ಟಿ ಬಡಿದು ಹುಬ್ಬಳ್ಳಿಯ ಖಾನಾವಳಿಗೆ ಕಳಿಸುತ್ತಿದ್ದಳು. ಮುಂಜಾನೆ ಕೈ ಭರಭರ ಓಡುತ್ತಿತ್ತು. ಐವತ್ತು ರೊಟ್ಟಿಯಾಗುವಷ್ಟರಲ್ಲಿ ರೆಪ್ಪೆ ಜೋತುಬಿದ್ದು, ಮಾತು ಮೂಗಿನಲ್ಲಿ ಬರುತ್ತಿತ್ತು. ತುಸು ಮಲಗಿ ಎದ್ದರೆ ಮತ್ತೆ ಸರಿ. ಮೈಗಳ್ಳಿ ಎಂದವಳು ನಾನೇ.

೨೦೦೮ರಲ್ಲಿ ಜ್ವರ ಬಂದ ಮೂರನೆಯ ಬೆಳಿಗ್ಗೆ ಅವಳು ಅಲುಗಾಡಲಿಲ್ಲ. ಹಿರಿಯರು ಮೂಗಿನ ಬಳಿ ಬೆರಳು ಹಿಡಿದು ತಲೆಯಾಡಿಸಿದರು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಕೂರಿಸಿ, ಕೂತಂತೆಯೇ ಮಣ್ಣು ಮಾಡುತ್ತೇವೆ. ಅವಳನ್ನು ಗೋಡೆಗೆ ಆನಿಸಿ ಕೂರಿಸಿದೆವು.

"ಲಗೂ ತಗ್ಗು ತೋಡಸ್ರಿ, ಬಿಸಲೇರತೈತಿ" ಎಂದರು ಯಾರೋ.

ನಾನು ಹಣೆಗೆ ವಿಭೂತಿ ಹಚ್ಚುತ್ತಿದ್ದೆ. ತುಟಿಯ ಮೇಲೆ ಉದುರಿದ ಪುಡಿ ಸರಿಯಿತು. ಕರೆಂಟಿರಲಿಲ್ಲ, ಫ್ಯಾನು ನಿಂತಿತ್ತು. ಪುಡಿ ಮತ್ತೆ ಸರಿಯಿತು.

"ಉಳವಪ್ಪಾ, ಉಸರಾಡಾಕತ್ತಾಳ."

"ನಿಮಗ ಭ್ರಮಾ, ವೈನಿ."

"ಭ್ರಮಾ ಇದ್ರ ಇರಲಿ, ಜೀಪ್ ತರಸು."

ಹುಬ್ಬಳ್ಳಿಯ ದವಾಖಾನೆಯಲ್ಲಿ ಗಂಟಲಿಗೆ ಕೊಳವೆ ಹಾಕಿ ಉಸಿರು ಕೊಟ್ಟರು. ಕಾಯಿಲೆಯ ಹೆಸರು ಮಯಸ್ತೇನಿಯಾ. ನರದ ಅಪ್ಪಣೆ ಸ್ನಾಯುವಿಗೆ ತಲುಪುವುದಿಲ್ಲವಂತೆ. ಕೂತದ್ದರಿಂದಲೇ ಒಂದಿಷ್ಟು ಉಸಿರಾಡಿತ್ತು, ಮಲಗಿಸಿಯೇ ಬಿಟ್ಟಿದ್ದರೆ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ಎದೆಗೂಡಿನೊಳಗಿನ ಗ್ರಂಥಿಯೊಂದನ್ನು ತೆಗೆಯಬೇಕು. ದಿಲ್ಲಿಯಲ್ಲಿ ಸಣ್ಣ ತೂತು ಮಾಡಿ ಯಂತ್ರದ ಕೈಗಳಿಂದ ತೆಗೆಯುತ್ತಾರೆ.

ಕೊಳವೆ ತೆಗೆದ ಮೇಲೆ ಅವಳ ಮೊದಲ ಮಾತು: "ಬಿಸಲೇರತೈತಿ ಅಂದವರ್ಯಾರು? ಎಲ್ಲಾ ಕೇಳಸ್ತಿತ್ತು."

ಉಳವಪ್ಪ ತಂಬಿಗೆ ಎತ್ತಿಕೊಂಡು ನೀರು ತರಲು ಹೋದ.

ಆಪರೇಷನ್ನಿಗೆ ಅವಳು ಒಂದು ವರ್ಷ ಒಪ್ಪಲಿಲ್ಲ. "ಮತ್ತ ಅಲುಗಾಡದಂಗ ಮಲಗಸ್ತಾರ. ಕಟ್ಕೊಂಡವಗ ಗೊತ್ತಾಗಲಿಲ್ಲ ನಾ ಜೀವಂತ ಅದೇನಿ ಅಂತ, ಕಬ್ಬಣದ ಕೈಗೆ ಏನ್ ಗೊತ್ತಾಗತೈತಿ?" ಆಮೇಲೆ ಗಂಜಿಯೂ ಮೂಗಿಗೇರತೊಡಗಿತು. ದಿಲ್ಲಿಗೆ ಹೊರಟೆವು.

ಅಲ್ಲಿ ಮಂಗಳೂರಿನ ನರ್ಸೊಬ್ಬಳು ಎಲ್ಲ ವಿವರಿಸಿದಳು. ಡಾಕ್ಟರು ಮೂಲೆಯಲ್ಲಿ ಕೂತು ಯಂತ್ರದ ಕೈ ಆಡಿಸುತ್ತಾರೆ. ಪರದೆಯ ಮೇಲೆ ಹಸಿರು ಗೆರೆ ಓಡುತ್ತದೆ. "ಅದು ನಿಮ್ಮ ಉಸಿರಮ್ಮ. ಅದನ್ನು ನೋಡುವುದಕ್ಕೇ ಒಬ್ಬರು ಕೂತಿರ್ತಾರೆ."

"ಅವರು ಚಾ ಕುಡ್ಯಾಕ ಹ್ವಾದ್ರ?"

"ಹೋಗುವುದಿಲ್ಲ."

ದ್ರಾಕ್ಷಾಯಿಣಿ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಎಚ್ಚರವಾದಾಗ ಕಣ್ಣು ತೆರೆಯಲಿಲ್ಲ, ತುಟಿ ಮಾತ್ರ ಅಲುಗಿತು. "ಅಕ್ಕಾ, ನನ್ನ ಕುಂದ್ರಸೀರೋ, ಮಲಗಸೀರೋ?"

"ಮಲಗಸೇವಿ."

"ಹಂಗಾರ ಅದೇನಿ."

ಮೂರನೆಯ ದಿನ ಅರ್ಧ ಬಟ್ಟಲು ಗಂಜಿಯನ್ನು ಕೆಮ್ಮದೆ ಕುಡಿದಳು. ಉಳವಪ್ಪ ಬಟ್ಟಲು ಹಿಡಿದಿದ್ದ. ಅವಳು ಅವನ ಮುಖ ನೋಡಲಿಲ್ಲ, ಕೊನೆಯ ಗುಟುಕಿನವರೆಗೂ ಹಾಸಿಗೆಯ ಪಕ್ಕದ ಪರದೆಯಲ್ಲಿ ಓಡುತ್ತಿದ್ದ ಹಸಿರು ಗೆರೆಯನ್ನೇ ನೋಡುತ್ತಿದ್ದಳು.