ಚಂದ್ರವ್ವ ಮೇಜಿನ ಮೇಲಿಟ್ಟ ಕೀಲಿ

ಯಲಹಂಕದಿಂದ ಪುಟ್ಟೇನಹಳ್ಳಿ ಕಡೆಗೆ ಹೊರಟರೆ ಎಡಕ್ಕೆ ಸಿಗುವ ಊರು ಕರೇಕಟ್ಟೆ. ಅಲ್ಲಿಯ ಪುರಸಭೆಯ ಅಧ್ಯಕ್ಷ ಸೇತುರಾಮಯ್ಯ ೧೯೮೩ರ ಜೂನ್‌ನಲ್ಲಿ ಚಂದ್ರವ್ವನನ್ನು ನೀರು ಬಿಡುವ ಕೆಲಸಕ್ಕೆ ನೇಮಿಸಿದರು. ಗದಗದ ಕಡೆಯಿಂದ ಬಂದಿದ್ದ ಚಂದ್ರವ್ವ ಮೊದಲು ನೀರು ಬಿಡುತ್ತಿದ್ದ ಮುದುಕ ಪಂಚಪ್ಪನ ಹಿಂದೆ ಐದು ವರ್ಷ ಓಡಾಡಿ ಆ ಕೆಲಸ ಕಲಿತಿದ್ದಳು. ಗರಡಿ ಬೀದಿಯ ವಾಲ್ವ್‌ಗೆ ಹದಿನೇಳು ಸುತ್ತು, ಮಸೀದಿ ಬೀದಿಗೆ ಹನ್ನೊಂದು. ಹೆಚ್ಚು ತಿರುಗಿಸಿದರೆ ತಗ್ಗಿನ ಮನೆಗಳ ಪೈಪು ಒಡೆಯುತ್ತಿತ್ತು. ಯಾವ ಚಪ್ಪಡಿಯ ಕೆಳಗೆ ಯಾವ ವಾಲ್ವ್ ಇದೆ ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಪಂಚಪ್ಪ ತೀರಿಕೊಂಡ ಮೇಲೆ ಅದು ಅವಳೊಬ್ಬಳಿಗೇ ಗೊತ್ತಿತ್ತು.

ಆದರೆ ಅಧ್ಯಕ್ಷರು ನೇಮಿಸಿದರೆ ಸಾಲದು, ಸಭೆ ಒಪ್ಪಬೇಕು. ಅಷ್ಟರಲ್ಲಿ ಸದಸ್ಯನೊಬ್ಬ ಪಕ್ಷ ಬದಲಿಸಿದ್ದರಿಂದ ಹದಿನೈದು ಜನರಲ್ಲಿ ಎಂಟು ಜನ ಎದುರು ಪಕ್ಷದ ಮುನಿಯಲ್ಲಪ್ಪನ ಕಡೆಗಿದ್ದರು. ಬೇಡ ಎಂದು ಕೈ ಎತ್ತಿದರೆ, ದಿನಾ ಅವಳು ಬಿಟ್ಟ ನೀರು ಹಿಡಿಯುತ್ತಿದ್ದ ಬೀದಿಯ ಹೆಂಗಸರು ಸುಮ್ಮನಿರುವವರಲ್ಲ. ಆದ್ದರಿಂದ ಚಂದ್ರವ್ವನ ವಿಷಯ ಬಂದ ಕೂಡಲೇ ಎಂಟೂ ಜನ ಎದ್ದು ಕಾಫಿಗೆ ಹೋಗುತ್ತಿದ್ದರು. ಕೋರಂಗೆ ಬೇಕಾದಷ್ಟು ಜನರಿಲ್ಲದೆ ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ಹೀಗೆ ಒಂಬತ್ತು ಸಭೆ ಕಳೆದವು. ಒಂಬತ್ತಕ್ಕೂ ಚಂದ್ರವ್ವ ಬಂದು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಿದ್ದಳು.

ಒಂಬತ್ತನೆಯ ಸಭೆಯ ದಿನ ಅವಳು ಮುನಿಯಲ್ಲಪ್ಪನ ದಾರಿಗೆ ಅಡ್ಡ ನಿಂತಳು.

"ನನ್ನ ಕೆಲಸದಾಗ ಏನ್ ಕುಂದು ಐತಿ, ಹೇಳಿ ಹೋಗ್ರಿ."

"ನಿನ್ ಮ್ಯಾಲೆ ಏನೂ ಇಲ್ಲ ಕಣಮ್ಮಾ. ನಿನ್ನ ನೇಮಿಸ್ದೋನ್ ಮ್ಯಾಲೆ."

"ಹಂಗಾರ ಅವರ ಜೋಡಿ ಜಗಳಾಡ್ರಿ. ನಡುವ ನನ್ನ ಯಾಕ ನಿಲ್ಲಿಸೀರಿ?"

ಹತ್ತು ಜನರೆದುರು ಹೀಗೆ ಕೇಳಿಸಿಕೊಂಡದ್ದು ಮುನಿಯಲ್ಲಪ್ಪನಿಗೆ ಚುಚ್ಚಿತು. ಮರುದಿನ ಎಂಟು ರುಜುಗಳ ಪತ್ರ ಬಂತು: ಸಭೆ ಒಪ್ಪುವವರೆಗೆ ಚಂದ್ರವ್ವ ಯಾವ ವಾಲ್ವನ್ನೂ ಮುಟ್ಟಕೂಡದು.

ಚಂದ್ರವ್ವ ಅದನ್ನು ಎರಡು ಸಲ ಓದಿದಳು. ಹೆಗಲ ಮೇಲಿದ್ದ, ವಾಲ್ವ್ ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ತಂದು ಸಭೆಯ ಮೇಜಿನ ಮೇಲೆ ಅಡ್ಡಡ್ಡ ಇಟ್ಟಳು.

"ಮುಟ್ಟಬ್ಯಾಡ ಅಂದ್ರಿ. ಮುಟ್ಟೂದಿಲ್ಲ."

ಪಂಪ್‌ಹೌಸಿನ ಗಯಾಸ್ ಆ ಕೀಲಿ ಹಿಡಿದು ಇಡೀ ದಿನ ಚಪ್ಪಡಿ ಎತ್ತಿದ. ಸಿಕ್ಕಿದ ಒಂದು ವಾಲ್ವನ್ನು ಅಂದಾಜಿನಲ್ಲಿ ತಿರುಗಿಸಿದ. ಗರಡಿ ಬೀದಿಯ ಪೈಪು ಒಡೆದು ನೀರೆಲ್ಲ ಚರಂಡಿ ಸೇರಿತು. ಅವನು ಕೀಲಿಯನ್ನು ಅದೇ ಮೇಜಿಗೆ ವಾಪಸು ತಂದಿಟ್ಟ. ಮಾರ್ಚ್ ತಿಂಗಳ ಬಿಸಿಲು. ಮೂರು ದಿನ ಊರಿನ ನಲ್ಲಿಗಳಲ್ಲಿ ನೀರಿಲ್ಲ.

ಸೇತುರಾಮಯ್ಯನವರೇ ಅವಳ ಮನೆಗೆ ಬಂದರು. "ಯಾರಿಗೂ ಗೊತ್ತಾಗ್ದಂಗೆ ನೀರು ಬಿಟ್ಬಿಡಮ್ಮಾ. ನನ್ನ ಮರ್ಯಾದೆ ಪ್ರಶ್ನೆ."

"ಕದ್ದು ನೀರು ಬಿಡಾಕ ನಾ ಕಳ್ಳಿ ಅಲ್ರಿ ಯಜಮಾನ್ರ. ನಿಮ್ಮ ಮರ್ಯಾದಿ ನೀವು ನೋಡ್ಕೋರಿ."

ಅವರು ಹೋದ ಮೇಲೆ ಅವಳು ತಳ ಕಾಣುತ್ತಿದ್ದ ಹಳೇ ಬಾವಿಯಿಂದ ನೀರು ಸೇದಿ, ಪಕ್ಕದ ಬೀದಿಯಲ್ಲಿ ಸೊಸೆಯ ಬಾಣಂತನ ಮಾಡುತ್ತಿದ್ದ ರತ್ನಕ್ಕನ ಮನೆಗೆ ನಾಲ್ಕು ಕೊಡ ಹೊತ್ತು ಹಾಕಿದಳು. ಬಾವಿಗೆ ವಾಲ್ವ್ ಇರಲಿಲ್ಲವಲ್ಲ.

ನಾಲ್ಕನೆಯ ದಿನ ತುರ್ತು ಸಭೆ. ಚಂದ್ರವ್ವ ಎಂದಿನ ಬೆಂಚಿನಲ್ಲಿ ಕೂತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಎರಡೂ ಪಕ್ಷದ ಬೀದಿಗಳ ಹೆಂಗಸರು ಖಾಲಿ ಕೊಡ ಮುಂದಿಟ್ಟುಕೊಂಡು ಕೂತಿದ್ದರು. ಅವಳ ವಿಷಯ ಬಂತು. ಎಂಟೂ ಜನ ರೂಢಿಯಂತೆ ಎದ್ದರು.

"ದಾರಿ ಬಿಡ್ರಮ್ಮಾ, ಕಾಪಿ ಕುಡ್ಕೊಂಡ್ ಬರ್ತೀವಿ," ಎಂದ ಮುನಿಯಲ್ಲಪ್ಪ.

ಬಾಗಿಲಲ್ಲಿದ್ದ ರತ್ನಕ್ಕ ಅಲುಗಲಿಲ್ಲ. "ನೀರಿಲ್ದೆ ಕಾಫಿ ಯಾರಪ್ಪಾ ಕಾಸ್ತಾರೆ? ನಿಮ್ಮನೆಯೋರೂ ಇಲ್ಲೇ ಕೂತವ್ರೆ, ಕೇಳ್ನೋಡಿ."

ಮುನಿಯಲ್ಲಪ್ಪನ ಹೆಂಡತಿ ತನ್ನ ಕೊಡವನ್ನು ಬೋರಲು ಹಾಕಿ ತೋರಿಸಿದಳು, ಅಷ್ಟೇ.

ಅವನು ಬಂದು ಕೂತ. ಉಳಿದವರೂ ಕೂತರು. ಒಪ್ಪಿಗೆ ಎಂದು ಹನ್ನೆರಡು ಕೈ ಮೇಲೆದ್ದವು. ಮೂವರು ಫ್ಯಾನ್ ನೋಡುತ್ತಿದ್ದರು.

ಚಂದ್ರವ್ವ ಆಗಲೂ ಕೀಲಿ ಮುಟ್ಟಲಿಲ್ಲ. ಗುಮಾಸ್ತ ಬದರೀನಾಥನ ಪಕ್ಕಕ್ಕೆ ಹೋಗಿ ನಿಂತಳು. "ಪುಸ್ತಕದಾಗ ಬರೀರಿ. ಬರದು, ಎಲ್ಲಾರಿಗೂ ಕೇಳೂವಂಗ ಓದ್ರಿ."

ಅವನು ಬರೆದು ಓದಿದ. ಅವಳು ಕೀಲಿಯನ್ನು ಹೆಗಲಿಗೆ ಏರಿಸಿದಳು.

"ಮೊದ್ಲು ನಮ್ ಬೀದಿಗೆ ಬಿಡ್ತೀಯೇನಮ್ಮಾ?" ಮುನಿಯಲ್ಲಪ್ಪ ಮೆತ್ತಗೆ ಕೇಳಿದ.

"ಸರದಿ ಪ್ರಕಾರ ಬರ್ತೈತ್ರಿ," ಎಂದಳು ಚಂದ್ರವ್ವ, ಮೆಟ್ಟಿಲು ಇಳಿಯುತ್ತ. "ನಿಮ್ಮದು ಆರನೇದು."