ಎಂಟು ಕುರ್ಚಿಗಳ ಸಭೆಯಲ್ಲಿ ನನ್ನ ಮಗಳು

ನಾನು ಕ್ವೇಕರ್ ಎಂಬ ಸಣ್ಣ ಕ್ರೈಸ್ತ ಪಂಗಡದ ಸಭೆಗೆ ಹೋಗತೊಡಗಿದ್ದು ದೇವರನ್ನು ಹುಡುಕಿಕೊಂಡಲ್ಲ. ಅಲ್ಲಿ ಯಾರೂ ಮಾತಾಡುವುದಿಲ್ಲ ಎಂದು ಕೇಳಿ ಹೋದೆ.

ನಾವು ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿಗೆ ಬಂದು ಆಗ ಮೂರು ವರ್ಷವಾಗಿತ್ತು. ಗಂಡನಿಗೆ ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಬಿಡಿಭಾಗಗಳ ತಪಾಸಣೆ. ಮಗಳಿಗೆ ಹತ್ತು ವರ್ಷ. ಶಾಲೆಗೆ ಸೇರಿದ ಆರು ತಿಂಗಳಲ್ಲೇ ಸ್ವೀಡಿಷ್ ಅವಳ ನಾಲಿಗೆಗೆ ಹತ್ತಿತ್ತು. ನಾನು ಮಾತ್ರ ಕೊಮ್ಯೂನ್, ಅಂದರೆ ಇಲ್ಲಿನ ಪುರಸಭೆ, ನಡೆಸುವ ಭಾಷಾ ತರಗತಿಯಲ್ಲಿ ಅದೇ ಇಪ್ಪತ್ತು ವಾಕ್ಯಗಳನ್ನು ಅರೆಯುತ್ತಿದ್ದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಬಾಯಿ ತೆರೆದರೆ ಜನ ಕತ್ತು ಮುಂದೆ ಚಾಚುತ್ತಿದ್ದರು, ಅರ್ಥವಾಗಲಿಲ್ಲ ಎಂಬಂತೆ. ತುಮಕೂರಿನಲ್ಲಿ ಎಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟು ಬಂದವಳು ನಾನು. ಆ ಚಾಚಿದ ಕತ್ತುಗಳನ್ನು ಕಂಡರೆ ಮೈಯೆಲ್ಲ ಹಿಡಿಯಾಗುತ್ತಿತ್ತು.

ನಮ್ಮ ಕಟ್ಟಡದ ಕೆಳಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಬಟ್ಟೆ ಒಗೆಯುವ ಸಾಮೂಹಿಕ ಕೋಣೆಯಲ್ಲಿ ಪರಿಚಯವಾದವರು. ಒಂದು ದಿನ ಒಗೆದ ಹಾಸಿಗೆ ಬಟ್ಟೆಯ ಎರಡು ತುದಿ ನಾನು, ಎರಡು ತುದಿ ಅವರು ಹಿಡಿದು ಮಡಿಸುತ್ತಿದ್ದಾಗ ಕೇಳಿದರು, "ಭಾನುವಾರ ನಮ್ಮ ಜೊತೆ ಬರ್ತೀಯಾ? ಅಲ್ಲಿ ನಿನ್ನ ಸ್ವೀಡಿಷ್ ಬೇಕಾಗೋದೇ ಇಲ್ಲ. ಒಂದು ಗಂಟೆ ಸುಮ್ಮನೆ ಕೂರೋದು, ಆಮೇಲೆ ಕಾಫಿ."

ಹೋದೆ. ವಯಸ್ಕರ ಶಿಕ್ಷಣದ ಕಟ್ಟಡದಲ್ಲಿ ಒಂದು ಸಣ್ಣ ಕೋಣೆ, ದುಂಡಗೆ ಇಟ್ಟ ಎಂಟು ಕುರ್ಚಿಗಳು. ಪಾದ್ರಿಯಿಲ್ಲ, ಶಿಲುಬೆಯಿಲ್ಲ, ಹಾಡಿಲ್ಲ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ನಿಂತು ಎರಡು ಮಾತು ಹೇಳಿ ಕೂರುತ್ತಾರೆ. ಬಾರದಿದ್ದರೆ ಗಂಟೆಯಿಡೀ ಮೌನ. ನೀನು ಕ್ರಿಶ್ಚಿಯನ್ ಆಗಬೇಕೆಂದು ಅವರು ಎಂದೂ ಹೇಳಲಿಲ್ಲ. ಹಣೆಯ ಕುಂಕುಮದ ಬಗ್ಗೆ ಕೇಳಿದ್ದು ಒಮ್ಮೆ ಮಾತ್ರ, ಅದೂ ಅದನ್ನು ಯಾವುದರಿಂದ ಮಾಡುತ್ತಾರೆಂದು. ಅವರೆಲ್ಲ ಬಿಡದೆ ಹಿಡಿದುಕೊಂಡಿದ್ದ ಒಂದು ನಂಬಿಕೆ ಇತ್ತು: ಪ್ರತಿ ಮನುಷ್ಯನೊಳಗೂ ಬೆಳಕಿದೆ, ಆದ್ದರಿಂದ ಮನುಷ್ಯ ಮನುಷ್ಯನನ್ನು ಕೊಲ್ಲಬಾರದು. ಯುದ್ಧದ ಹೆಸರಿನಲ್ಲೂ ಕೊಲ್ಲಬಾರದು.

ಆ ನಂಬಿಕೆಯನ್ನು ಊರಿಗೆ ಕಾಣುವಂತೆ ಮಾಡಲು ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಅವರು ಪೇಟೆಯ ಚೌಕದಲ್ಲಿ ಅರ್ಧ ಗಂಟೆ ಸಾಲಾಗಿ ನಿಲ್ಲುತ್ತಿದ್ದರು, ಮಾತಿಲ್ಲದೆ. ಎರಡನೇ ವರ್ಷ ಹಳೆಯ ಬ್ಯಾನರು ಹರಿದಾಗ ಹೊಸದನ್ನು ನಾನೇ ಹೊಲಿದೆ. ನೀಲಿ ಬಟ್ಟೆಯ ಮೇಲೆ ಬಿಳಿ ಅಕ್ಷರ, ಸ್ವೀಡಿಷಿನಲ್ಲಿ 'ಶಾಂತಿಗಾಗಿ' ಎಂದು. ನಾಲ್ಕು ಸಂಜೆಯ ಕೆಲಸ. ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಓ ಮೇಲೆ ಡಾಟ್ಸ್ ಎಲ್ಲಿ? ಹೀಗಿದ್ರೆ ಅದು ಸ್ವೀಡಿಷೇ ಅಲ್ಲ!" ತನ್ನ ಹಳೆಯ ಕೋಟಿನ ಎರಡು ಬಿಳಿ ಗುಂಡಿ ಬಿಚ್ಚಿ ಅಕ್ಷರದ ನೆತ್ತಿಗೆ ಹೊಲಿದಳು. ಅಂದಿನಿಂದ ಅವಳೂ ನಮ್ಮೊಡನೆ ನಿಲ್ಲತೊಡಗಿದಳು. ಮೊದಮೊದಲು ಆಮೇಲೆ ಸಿಗುವ ದಾಲ್ಚಿನ್ನಿ ಬನ್ನಿನ ಆಸೆಗೆ. ಬನ್ನಿನ ಆಸೆ ಯಾವಾಗ ತೀರಿತು, ನಂಬಿಕೆ ಯಾವಾಗ ಹುಟ್ಟಿತು, ನನಗೆ ತಿಳಿಯಲಿಲ್ಲ. ಒಬ್ಬ ಗಂಡಸು ಎದುರಿಗೆ ಬಂದು ನಿಂತು ನಮ್ಮನ್ನು ಹೇಡಿಗಳೆಂದು ಐದು ನಿಮಿಷ ಬೈದ ದಿನ ಅವಳಿಗೆ ಹದಿಮೂರು. ಅವಳು ಬ್ಯಾನರಿನ ತುದಿ ಬಿಡಲಿಲ್ಲ. ಅವನು ಹೋದ ಮೇಲೆ, "ಅವನ ಕೈ ನಡುಗ್ತಾ ಇತ್ತು, ನೋಡಿದ್ಯಾ?" ಎಂದಳು. ನಾನು ನೋಡಿರಲಿಲ್ಲ. ನಾನು ನನ್ನ ಹೆದರಿಕೆಯನ್ನಷ್ಟೇ ನೋಡಿಕೊಂಡಿದ್ದೆ.

ಗಂಡ ಇದಕ್ಕೆಲ್ಲ ಅಡ್ಡ ಬರುತ್ತಿರಲಿಲ್ಲ, ಜೊತೆಗೂ ಬರುತ್ತಿರಲಿಲ್ಲ. ಚೌಕದ ಆಚೆ ಕಾರು ನಿಲ್ಲಿಸಿ ಕೂತಿರುತ್ತಿದ್ದರು.

2010ರ ದಶಕ ಮುಗಿಯುತ್ತ ಬಂದಾಗ, ನಿಂತು ಹೋಗಿದ್ದ ಕಡ್ಡಾಯ ಸೈನಿಕ ಸೇವೆಯನ್ನು ದೇಶ ಮತ್ತೆ ತಂದಿತು. ಈ ಸಲ ಹುಡುಗಿಯರಿಗೂ. ಹದಿನೆಂಟು ತುಂಬಿದವರೆಲ್ಲ ಪ್ರಶ್ನಾವಳಿ ತುಂಬಬೇಕು, ಅವರಲ್ಲಿ ಕೆಲವರನ್ನು ಪರೀಕ್ಷೆಗೆ ಕರೆಯುತ್ತಾರೆ, ಕರೆದವರಲ್ಲಿ ಕೆಲವರನ್ನು ಆರಿಸುತ್ತಾರೆ. ನಾವು ಅಷ್ಟರಲ್ಲಿ ಇಲ್ಲಿನ ಪೌರತ್ವ ಪಡೆದಿದ್ದೆವು. ಮಗಳಿಗೆ ಪರೀಕ್ಷೆಯ ಕರೆ ಬಂತು.

ಊಟದ ಮೇಜಿನ ಮೇಲೆ ಕಾಗದ ಇಟ್ಟು ಅವಳು ನಿರಾಳವಾಗಿ ಹೇಳಿದಳು, "ಹೋಗ್ತೀನಿ. ಬಟ್ ಆಯುಧ ಮುಟ್ಟಲ್ಲ ಅಂತ ಹೇಳ್ತೀನಿ. ಅದಕ್ಕೆ ಲಾ ಇದೆ, ಅರ್ಜಿ ಹಾಕ್ಬೋದು."

ನನ್ನ ಗಂಡ ಧಾರವಾಡದ ಕಡೆಯವರು. ಇಲ್ಲಿನ ಕನ್ನಡಿಗರ ನಡುವೆ ಬೆಂಗಳೂರಿನವರಂತೆಯೇ ಮಾತಾಡುತ್ತಾರೆ. ಸಿಟ್ಟು ಬಂದರೆ ಮಾತ್ರ ಊರಿನ ಮಾತು ಎದ್ದು ಬರುತ್ತದೆ. "ಏನ್ ಹುಚ್ಚು ಹಿಡದದ ನಿನಗ? ಈ ದೇಶ ನಮಗ ಜಾಗಾ ಕೊಟ್ಟದ. ನಮ್ಮ ಹೆಸರಿನವರು, ನಮ್ಮ ಬಣ್ಣದವರು ಹಿಂಗ ಒಲ್ಲೆ ಅಂದ್ರ ಮಂದಿ ಏನಂತಾರ? ಬ್ಯಾರೆ ಹುಡುಗರು ಒಲ್ಲೆ ಅಂದ್ರ ಅದು ಅವರ ವಿಚಾರ ಅಂತಾರ. ನೀ ಅಂದ್ರ, ಹೊರಗಿಂದ ಬಂದಾಕಿ ಅಂತಾರ."

"ನಾನು ಹೊರಗಿಂದ ಬಂದೋಳಲ್ಲ," ಎಂದಳು ಮಗಳು. ಎದ್ದು ಕೋಣೆಗೆ ಹೋದಳು.

ಮನೆಯಲ್ಲಿ ಎರಡು ವಾರ ಬಿಗಿ ಮೌನ. ಸಭೆಯ ಮೌನಕ್ಕೂ ಇದಕ್ಕೂ ಎಷ್ಟು ದೂರ! ಅವರು ಹೇಳಿದ್ದರಲ್ಲಿ ಸತ್ಯವಿತ್ತು, ಅವಳು ಹೇಳಿದ್ದರಲ್ಲೂ ಇತ್ತು. ಇಬ್ಬರ ನಡುವೆ ತಟ್ಟೆ ಬಡಿಸುತ್ತ ನಾನು ಸುಸ್ತಾದೆ. ಕೊನೆಗೆ ನರ್ಸಮ್ಮನ ಮನೆ ಬಾಗಿಲು ತಟ್ಟಿದೆ.

ಅವರು ಕೇಳಿಸಿಕೊಂಡು, ಕ್ವೇಕರರಲ್ಲಿ ಇದಕ್ಕೊಂದು ಹಳೆಯ ಪದ್ಧತಿಯಿದೆ ಎಂದರು. ಯಾರಾದರೂ ದೊಡ್ಡ ತೀರ್ಮಾನದ ಮುಂದೆ ನಿಂತಾಗ ಸಭೆಯವರು ಕೆಲವರು ಜೊತೆ ಕೂರುತ್ತಾರೆ. ಬುದ್ಧಿ ಹೇಳುವಂತಿಲ್ಲ, ತೀರ್ಪು ಕೊಡುವಂತಿಲ್ಲ. ಪ್ರಶ್ನೆ ಕೇಳಬಹುದು, ಅಷ್ಟೇ. ಉತ್ತರ ಅವಳೇ ಹುಡುಕಿಕೊಳ್ಳಬೇಕು. "ಅಪ್ಪನೂ ಬರಲಿ," ಎಂದರು. "ಮತ್ತೆ ನೀನು... ನೀನು ಬಾಯಿ ಮುಚ್ಚಿಕೊಂಡು ಕೂರಬೇಕು. ಅವಳ ಪರವಾಗಿ ನೀನು ಉತ್ತರ ಕೊಡ್ತೀಯ ಅಂತ ನನಗೆ ಗೊತ್ತು."

ಗಂಡ ಬರುತ್ತಾರೆಂದು ನಾನು ನಂಬಿರಲಿಲ್ಲ. ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಆಫೀಸಿನ ಇಂಟರ್‌ವ್ಯೂಗೆ ಹೋಗುವವರ ಹಾಗೆ.

ಐವರು ಸಭೆಯವರು, ನಾವು ಮೂವರು. ಎಂಟು ಕುರ್ಚಿ ಸರಿಹೋಯಿತು. ಮೊದಲು ಹತ್ತು ನಿಮಿಷ ಮೌನ. ಆಮೇಲೆ ನರ್ಸಮ್ಮ ಕೇಳಿದರು, "ನಿನ್ನ ಕಣ್ಣೆದುರೇ ಯಾರಾದರೂ ನಿನ್ನ ಅಮ್ಮನನ್ನು ಹೊಡೆದರೆ ಏನು ಮಾಡ್ತೀಯ?"

ಮಗಳು ಯೋಚಿಸಿದಳು. "ಗೊತ್ತಿಲ್ಲ. ನಡುವೆ ಹೋಗಿ ನಿಲ್ತೀನಿ ಅಂದ್ಕೋತೀನಿ. ಧೈರ್ಯ ಇರುತ್ತೆ ಅಂತ ಪ್ರಾಮಿಸ್ ಮಾಡಲಾರೆ."

ನನ್ನ ತುಟಿಯ ತುದಿಗೆ ಬಂತು: ಇರುತ್ತದೆ, ಅವಳಿಗೆ ಇರುತ್ತದೆ, ನಾನು ನೋಡಿದ್ದೇನೆ. ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತೆ.

ಸಭೆಯಲ್ಲಿ ಒಬ್ಬ ಮುದುಕರಿದ್ದರು, ಮರಗೆಲಸ ಕಲಿಸುವ ಮೇಷ್ಟ್ರಾಗಿದ್ದವರು. ಶನಿವಾರ ಒಂದನ್ನೂ ತಪ್ಪಿಸಿದವರಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನ ವಯಸ್ಸಿನಲ್ಲಿ ನಾನು ಸೈನ್ಯಕ್ಕೆ ಹೋಗಿದ್ದೆ. ಪೂರ್ತಿ ಸೇವೆ ಮಾಡಿದೆ. ಗುರಿ ಚೆನ್ನಾಗಿತ್ತು ನನ್ನದು. ನಾನು ತಪ್ಪು ಮಾಡಿದೆನಾ?"

ಎಂಟು ವರ್ಷದಿಂದ ಅವರನ್ನು ಬಲ್ಲೆ. ಈ ವಿಷಯ ನನಗೆ ಗೊತ್ತಿರಲಿಲ್ಲ. ಮಗಳಿಗೂ ಗೊತ್ತಿರಲಿಲ್ಲವೆಂದು ಅವಳ ಮುಖದಲ್ಲೇ ಕಾಣುತ್ತಿತ್ತು.

"ಅದನ್ನ ನಾನು ಹೇಳೋಕಾಗಲ್ಲ," ಎಂದಳು. "ನಿಮ್ಮನ್ನ ಅಳೆಯೋಕೆ ನಾನು ಇಲ್ಲಿ ಕೂತಿಲ್ಲ. ನನ್ನನ್ನ ಅಳೆದುಕೊಳ್ತಾ ಇದೀನಿ." ಮುದುಕರು ತಲೆಯಾಡಿಸಿ ಕನ್ನಡಕ ಹಾಕಿಕೊಂಡರು.

ಹೀಗೇ ಒಂದು ಗಂಟೆಗೂ ಮೇಲೆ. ಜನರ ಮೆಚ್ಚುಗೆಗಾಗಿ ಮಾಡುತ್ತಿದ್ದೀಯಾ? ಅಮ್ಮನ ಖುಷಿಗಾಗಿಯಾ? "ಸ್ವಲ್ಪ ಇರ್ಬೋದು," ಎಂದಳು. "ಅದಕ್ಕೇ ಎರಡು ವಾರ ಅವಳ ಹತ್ರ ಮಾತಾಡದೆ ಯೋಚನೆ ಮಾಡಿದೆ. ಆಮೇಲೂ ಅದೇ ಉತ್ತರ ಬಂತು."

ಕೊನೆಗೆ ನರ್ಸಮ್ಮ ನನ್ನ ಗಂಡನ ಕಡೆ ತಿರುಗಿದರು. ಸ್ವೀಡಿಷ್‌ನಲ್ಲಿ ಶುರು ಮಾಡಿ, ನಿಲ್ಲಿಸಿ, ಅವರು ಕನ್ನಡಕ್ಕೆ ಹೊರಳಿದರು. "ನಾ ತಪಾಸಣೆ ಮಾಡಿದ ಪಾರ್ಟು ಯಾವ ವಿಮಾನಕ್ಕ ಹೋಗ್ತದ, ಆ ವಿಮಾನ ಎಲ್ಲಿಗೆ ಹೋಗ್ತದ, ನನಗ ಗೊತ್ತಾಗೂದಿಲ್ಲ. ಪ್ರಯಾಣಿಕರದ್ದೂ ಇರಬಹುದು, ಯುದ್ಧದ್ದೂ ಇರಬಹುದು. ಆ ಕೆಲಸದ ರೊಕ್ಕದಾಗ ನೀ ಬೆಳದಿ. ಅದಕ್ಕ ಏನಂತಿ?"

ಎಷ್ಟೋ ವರ್ಷದಿಂದ ಈ ಪ್ರಶ್ನೆ ಅವರ ಎದೆಯಲ್ಲಿತ್ತೆಂದು ನನಗೆ ಅಂದು ತಿಳಿಯಿತು. ಚೌಕದ ಆಚೆ ಕಾರಿನಲ್ಲಿ ಕೂತಿದ್ದವರ ಜೊತೆಗೆ ಇದೂ ಕೂತಿತ್ತು.

ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅರ್ಧಕ್ಕೆ ಇಂಗ್ಲಿಷಿಗೋ ಸ್ವೀಡಿಷಿಗೋ ಜಾರುವ ಹುಡುಗಿ ಅವಳು. ಅಂದು ಜಾರಲಿಲ್ಲ. ಒಂದೊಂದೇ ಪದ ಹುಡುಕಿ ಹುಡುಕಿ ಕನ್ನಡದಲ್ಲೇ ಹೇಳಿದಳು. "ಅಪ್ಪಾ, ನಿಮ್ದು ತಪ್ಪು ಅಂತ ಹೇಳಕ್ಕೆ ನಾನು ಬಂದಿಲ್ಲ. ನನ್ ಕೈ ಏನ್ ಮಾಡತ್ತೆ, ಅದು ಮಾತ್ರ ನನ್ ಕೈಯಲ್ಲಿದೆ. ನೀವೂ ಇದನ್ನ ಯೋಚ್ನೆ ಮಾಡ್ತೀರ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾನೊಬ್ಳೇ ಅಂದ್ಕೊಂಡಿದ್ದೆ."

ಗಂಡ ತಲೆ ತಗ್ಗಿಸಿದರು. ಉಳಿದ ಐವರಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಏನೆಂದಿರಿ ಎಂದು ಯಾರೂ ಕೇಳಲಿಲ್ಲ, ಅನುವಾದ ಮಾಡಿ ಎನ್ನಲಿಲ್ಲ. ಎಲ್ಲರೂ ನಮ್ಮ ಜೊತೆ ಸುಮ್ಮನೆ ಕೂತರು. ನಾನು ಅಳುತ್ತಿದ್ದೆ, ಆದರೆ ಬಾಯಿ ತೆರೆಯಲಿಲ್ಲ. ಅದೂ ನನ್ನದೊಂದು ಸಾಧನೆಯೇ.

ಮುಂದಿನ ತಿಂಗಳು ಅವಳು ಒಬ್ಬಳೇ ರೈಲು ಹತ್ತಿ ಸ್ಟಾಕ್‌ಹೋಮಿಗೆ ಹೋದಳು. ಓಟ, ಕಣ್ಣು, ಕಿವಿ, ಲೆಕ್ಕ, ಎಲ್ಲದರಲ್ಲೂ ಪಾಸಾದಳು. ಬೇಕೆಂದೇ ಕೆಟ್ಟದಾಗಿ ಮಾಡಿ ತಪ್ಪಿಸಿಕೊಳ್ಳಬಹುದೆಂದು ಗೆಳತಿಯರು ಹೇಳಿಕೊಟ್ಟಿದ್ದರಂತೆ. "ಸುಳ್ಳು ಹೇಳಿ ಹೊರಗೆ ಬರೋದಾದ್ರೆ ಇಷ್ಟೆಲ್ಲ ಯಾಕೆ ಬೇಕಿತ್ತು?" ಎಂದಳು ನನ್ನ ಬಳಿ. ಅಧಿಕಾರಿಯ ಎದುರು ಕೂತು, ಆಯುಧ ಹಿಡಿಯಲಾರೆ, ಗಾಯಾಳುಗಳ ಆರೈಕೆಗೆ ಕರೆದರೆ ಬರುತ್ತೇನೆ ಎಂದು ಹೇಳಿದಳು. ಆತ ಗದರಲಿಲ್ಲ, ಹೊಗಳಲೂ ಇಲ್ಲ. ಬರೆದುಕೊಂಡು, ಯಾವ ಅರ್ಜಿ ತುಂಬಬೇಕೆಂದು ತೋರಿಸಿದನಂತೆ. ಕೆಲವು ತಿಂಗಳ ಮೇಲೆ ಕಾಗದ ಬಂತು: ಅರ್ಜಿ ಒಪ್ಪಿದೆ, ಸದ್ಯಕ್ಕೆ ಯಾವ ಸೇವೆಗೂ ಕರೆಯುವುದಿಲ್ಲ. ಇಷ್ಟೇನಾ ಎನಿಸಬೇಕು. ನನಗೆ ಹಾಗೆನಿಸಲಿಲ್ಲ. ಹದಿನೆಂಟರ ಹುಡುಗಿ ತಾನು ಯಾರೆಂದು ಒಂದು ಸರ್ಕಾರದ ಎದುರು ನಿಜ ಹೇಳಿ ಬಂದಿದ್ದಳು.

ಆ ಯುಗಾದಿಗೆ ಕನ್ನಡದ ಕುಟುಂಬಗಳು ಸೇರಿದ್ದೆವು. ಗಂಡನ ಜೊತೆ ಕೆಲಸ ಮಾಡುವ ಬೆಂಗಳೂರಿನವರ ಹೆಂಡತಿ ಹೋಳಿಗೆ ಬಡಿಸುತ್ತ ನನ್ನ ಪಕ್ಕ ಬಂದರು. "ನಿಮ್ಮ ಯಜಮಾನ್ರು ಆಫೀಸ್ ಫೀಕಾದಲ್ಲಿ, ಅದೇ ಕಾಫಿ ಬ್ರೇಕಲ್ಲಿ, ಏನ್ ಹೇಳಿದ್ರು ಗೊತ್ತಾ? ಯಾರೋ ತಮ್ಮ ಮಗ ಆರ್ಮಿಗೆ ಸೆಲೆಕ್ಟ್ ಆದ ಅಂತ ಹೇಳ್ಕೊಂಡ್ರಂತೆ. ಎಲ್ಲರೂ ಕಾಫಿ ಕಪ್ ಎತ್ತಿ ವಿಶ್ ಮಾಡಿದ್ರಂತೆ. ಇವರೂ ಮಾಡಿ, ಆಮೇಲೆ ಅಂದ್ರಂತೆ, ನನ್ನ ಮಗಳು ಬಂದೂಕು ಹಿಡಿಯಲ್ಲ ಅಂತ ಹೇಳಿ ಬಂದಿದಾಳೆ, ಅವಳ ಹೆಸರಿಗೂ ಒಂದು ಸಲ ಕಪ್ ಎತ್ತಿ ಅಂತ."

"ಎತ್ತಿದ್ರಾ?"

"ಹೂಂ. ಆ ಹುಡುಗನ ಅಪ್ಪನೇ ಮೊದಲು ಎತ್ತಿದ್ರಂತೆ."

ನಾನು ಕೋಣೆಯ ಆ ಬದಿ ನೋಡಿದೆ. ಗಂಡ ಮಗಳ ತಟ್ಟೆಗೆ ಬೇಡವೆಂದರೂ ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಈ ವಿಷಯ ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ.